ಹೊನ್ನಾವರದ ಮೋಟಾರು ಹಿನ್ನೀರಿಗೆ ಒಗ್ಗಿದ ಬಗೆ

ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿಯ ಹಿನ್ನೀರಿನ ಒಂದು ಕವಲಿಗೆ ಅಂಟಿಕೊಂಡಂತೆ ನಮ್ಮ ಮನೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನೀರು ನಿಂತಾಗ ಅಜ್ಜನ ಗದ್ದೆಗಳೆಲ್ಲ ಮುಳುಗಡೆಯಾದವು. ಉಳಿದದ್ದು ಮನೆಯ ಸುತ್ತಲಿನ ಹುಲ್ಲಿನ ಬ್ಯಾಣ ಮತ್ತು ಆಚೆ ದಡದಲ್ಲಿರುವ ಒಂದೂವರೆ ಎಕರೆ ಅಡಿಕೆ ತೋಟ. ನೀರಿನ ಮೇಲೆ ಆ ತೋಟಕ್ಕೆ ಎರಡು ಕಿಲೋಮೀಟರು. ರಸ್ತೆ ಹಿಡಿದು ಸುತ್ತಿಕೊಂಡು ಹೋದರೆ ಅರ್ಧ ದಿನವೇ ಕಳೆಯುತ್ತದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಸಿಗಂದೂರಿಗೆ ಹೋಗುವವರಿಗೂ ತುಮರಿಯ ಕಡೆಯವರಿಗೂ ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿತು. ನಮ್ಮಂತೆ ಕವಲಿನ ಎರಡೂ ದಡಗಳಲ್ಲಿ ಬದುಕು ಹರಡಿಕೊಂಡವರಿಗೆ ಮಾತ್ರ ಸ್ವಂತ ದೋಣಿಯ ಅಗತ್ಯ ಹಾಗೆಯೇ ಉಳಿದಿದೆ.

ಹುಟ್ಟು ಹಾಕಿಕೊಂಡೇ ನಲವತ್ತು ವರ್ಷ ಆಚೀಚೆ ಓಡಾಡಿದ ಚಿಕ್ಕಪ್ಪನಿಗೆ ಭುಜದ ನೋವು ಹೆಚ್ಚಾದಾಗ, ದೋಣಿಯ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಮೋಟಾರೊಂದನ್ನು ಹಾಕಿಸುವ ಮಾತು ಮನೆಯಲ್ಲಿ ಎದ್ದಿತು. ಹೊಸದಕ್ಕೆ ಹಣ ಸಾಲದೆ, ಹೊನ್ನಾವರದಲ್ಲಿ ಮೀನುಗಾರಿಕೆ ಬಿಟ್ಟ ಒಬ್ಬರಿಂದ ಐದು ಎಚ್‌ಪಿಯ, ಒಂದೇ ಸಿಲಿಂಡರಿನ, ಟೂ ಸ್ಟ್ರೋಕ್ ಮೋಟಾರನ್ನು ಕೊಂಡೆವು. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ದುಡಿದ ಯಂತ್ರ ಅದೇ ಶರಾವತಿಯ ಮೇಲ್ದಂಡೆಗೆ ಬರುತ್ತಿದೆ ಎಂಬುದೇ ನನಗೆ ಸಂತೋಷದ ಸಂಗತಿಯಾಗಿತ್ತು. ನದಿ ಒಂದೇ ಆದರೂ ಅಳಿವೆಯ ನೀರು ಬೇರೆ, ಹಿನ್ನೀರು ಬೇರೆ, ಅಲ್ಲಿಯ ಗಾಳಿಯೂ ಇಲ್ಲಿಯ ಗಾಳಿಯೂ ಬೇರೆ ಎಂಬುದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಆ ವರ್ಷದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೇರುಸೊಪ್ಪೆಯ ಘಾಟಿ ಹತ್ತಿಸಿ ಜೀಪಿನಲ್ಲಿ ತರುವಾಗಲೇ ಮೊದಲ ಪಾಠವಾಯಿತು. ಇಪ್ಪತ್ತು ಕಿಲೋ ತೂಗುವ ಮೋಟಾರನ್ನು ನಾವು ಅಡಿಕೆ ಮೂಟೆಯ ಹಾಗೆ ಅಡ್ಡ ಮಲಗಿಸಲು ಹೊರಟಿದ್ದೆವು. ಮಾರಿದವರು ತಡೆದು, "ಪ್ರೊಪೆಲ್ಲರಿನ ಕಡೆ ಯಾವ ಕಾರಣಕ್ಕೂ ಇಂಜಿನ್ನಿಗಿಂತ ಮೇಲಾಗಬಾರದು" ಎಂದು ಎರಡು ಬಾರಿ ಹೇಳಿದರು. ಇಂಜಿನ್ನಿನಿಂದ ಪ್ರೊಪೆಲ್ಲರಿನವರೆಗೆ ನೀರಿಗೆ ಇಳಿಯುವ ಭಾಗಕ್ಕೆ ಕಾಲು ಎನ್ನುತ್ತಾರೆ; ಅದರೊಳಗೆ ಉಳಿದ ನೀರು ಹಿಂದಕ್ಕೆ ಹರಿದು ಎಕ್ಸಾಸ್ಟ್ ದಾರಿಯಿಂದ ಸಿಲಿಂಡರಿಗೆ ಇಳಿದರೆ ಒಳಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅದನ್ನು ಜೀಪಿನ ಹಿಂಬದಿಯಲ್ಲಿ ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು, ಪಕ್ಕದಲ್ಲಿ ನಾನೇ ಹಿಡಿದು ಕುಳಿತು ಊರಿಗೆ ತಂದೆ.

ನಮ್ಮ ದೋಣಿ ಹೆಬ್ಬಲಸಿನ ಹಲಗೆಯದು, ಹದಿನಾಲ್ಕು ಅಡಿ ಉದ್ದ. ಹಿಂಬದಿಯ ಅಡ್ಡ ಹಲಗೆಗೆ ಮೋಟಾರನ್ನು ಕಚ್ಚಿಸಿ, ಎರಡು ಹಿಡಿಸ್ಕ್ರೂಗಳನ್ನು ಬಿಗಿದು, ಕಳಚಿ ಬಿದ್ದರೂ ಕೈತಪ್ಪದಿರಲೆಂದು ಒಂದು ಸರಪಳಿಯನ್ನೂ ಕಟ್ಟಿ, ಮರುದಿನ ಬೆಳಿಗ್ಗೆ ಚಿಕ್ಕಪ್ಪನನ್ನು ಕೂರಿಸಿಕೊಂಡು ಹೊರಟೆ. ಆರೇಳು ಬಾರಿ ಹಗ್ಗ ಎಳೆದ ಮೇಲೆ ಮೋಟಾರು ಹೊಗೆ ಕಾರುತ್ತ ಶುರುವಾಯಿತು. ದೋಣಿಯ ಮೂತಿ ಆಕಾಶ ನೋಡುತ್ತಿತ್ತು. ಸ್ವಲ್ಪ ತಿರುಗಿಸಿದರೂ ಪ್ರೊಪೆಲ್ಲರು ಗಾಳಿ ಹಿಡಿದು ಇಂಜಿನ್ನು ಒಮ್ಮೆಲೇ ಕಿರುಚುತ್ತಿತ್ತು. ವೇಗ ಮಾತ್ರ ಇರಲಿಲ್ಲ. ಇಂಜಿನ್ನಿನ ಹಿಂಭಾಗದ ಸಣ್ಣ ತೂತಿನಿಂದ ತಂಪು ನೀರು ಒಂದು ಎಳೆಯಾಗಿ ಚಿಮ್ಮಬೇಕು. ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಹೊರಗೆ ಕಾಣುವ ಗುರುತು ಅದೊಂದೇ. ನಮ್ಮದರಲ್ಲಿ ಅದು ತೊಟ್ಟಿಕ್ಕುತ್ತಿತ್ತು. ಅಷ್ಟು ಸಾಕೇನೋ ಎಂದುಕೊಂಡೆ. ಕವಲಿನ ನಡುವೆ, ಮುಳುಗಡೆಯ ಕಾಲದಿಂದ ನಿಂತಿರುವ ಒಣ ಮರದ ಬೊಡ್ಡೆಗಳ ಸಾಲು ಹತ್ತಿರವಾಗುತ್ತಿದ್ದಂತೆ ಇಂಜಿನ್ನಿನ ದನಿ ಭಾರವಾಗಿ, ಬಣ್ಣ ಸುಟ್ಟ ವಾಸನೆ ಬಂದು, ಅದು ನಿಂತೇಹೋಯಿತು. ಮುಚ್ಚಳವನ್ನು ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಉಳಿದ ದಾರಿಯನ್ನು ಚಿಕ್ಕಪ್ಪ ನೋವಿನ ಭುಜದಲ್ಲೇ ಹುಟ್ಟು ಹಾಕಿ ದಾಟಿಸಿದರು, ನಾನು ಬಿದಿರಿನ ಗಳದಿಂದ ಬೊಡ್ಡೆಗಳನ್ನು ತಪ್ಪಿಸುತ್ತ ಕುಳಿತೆ. ಅವರು ಒಂದು ಮಾತೂ ಆಡಲಿಲ್ಲ. ಆ ಮೌನದಿಂದಲೇ ನನಗೆ ಈ ಯಂತ್ರವನ್ನು ಸರಿಯಾಗಿ ಕಲಿಯಲೇಬೇಕೆಂಬ ಹಟ ಹುಟ್ಟಿತು.

ಸಾಗರದಲ್ಲಿ ಔಟ್‌ಬೋರ್ಡ್ ಮೋಟಾರಿನ ಅಂಗಡಿ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ತೋಟದ ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಗರಗಸಗಳನ್ನು ರಿಪೇರಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಅದನ್ನು ಒಯ್ದೆ. ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿ ಬೈಕುಗಳ ಕಾಲದಿಂದಲೂ ಟೂ ಸ್ಟ್ರೋಕ್ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸಿದ ಕೈ ಅವರದು. ಮೋಟಾರನ್ನು ಸುತ್ತು ಬಂದು ನೋಡಿ, "ಇಂಜಿನ್ನು ನಂಗೆ ಗೊತ್ತುಂಟು ಮಾರಾಯ್ರೆ, ಕೆಳಗಿನ ಕಾಲು ಹೊಸದು. ನೀವು ಪಕ್ಕದಲ್ಲೇ ಇದ್ದರೆ ಇಬ್ಬರೂ ಕಲಿಯುವ" ಎಂದರು. ಮುಂದಿನ ಮೂರು ವಾರ ನಾನು ಬಿಡುವಾದಾಗಲೆಲ್ಲ ಅವರ ಅಂಗಡಿಯಲ್ಲಿದ್ದೆ. ಕೆಲಸಕ್ಕೆ ಕೈಹಾಕುವ ಮೊದಲು ಮೋಟಾರಿನ ಕೈಪಿಡಿಯ ಪ್ರತಿಯನ್ನು ಮುದ್ರಿಸಿ ತರಲು ಅವರು ನನಗೆ ಹೇಳಿದ್ದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಮೊದಲು ನೀರಿನ ಪಂಪು. ಇದು ಕಾಲಿನೊಳಗೆ, ಪ್ರೊಪೆಲ್ಲರಿನ ಗೇರುಪೆಟ್ಟಿಗೆಯ ಮೇಲೆಯೇ ಇರುತ್ತದೆ. ಇಂಜಿನ್ನಿನಿಂದ ಇಳಿದುಬರುವ ಉದ್ದದ ಶಾಫ್ಟು ಅದನ್ನು ತಿರುಗಿಸುತ್ತದೆ. ಒಳಗೆ ಹೂವಿನ ಎಸಳುಗಳಂತಿರುವ ರಬ್ಬರಿನ ಚಕ್ರವೊಂದಿದ್ದು, ಅದಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಗೇರು ಸಲಾಕೆಯ ಜೋಡಣೆಯನ್ನು ಬಿಡಿಸಿ, ಕಾಲನ್ನು ಹಿಡಿದ ಬೋಲ್ಟುಗಳನ್ನು ತೆಗೆದರೆ ಕೆಳಭಾಗ ಸಲೀಸಾಗಿ ಕೈಗೆ ಬರಬೇಕು. ನಮ್ಮದು ಬರಲಿಲ್ಲ. ಉಪ್ಪುನೀರು ಬೋಲ್ಟುಗಳನ್ನು ಅಲ್ಯೂಮಿನಿಯಮ್ಮಿನೊಂದಿಗೆ ಬೆಸೆದಂತೆ ಹಿಡಿದುಬಿಟ್ಟಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸುತ್ತಲೂ ಹದವಾಗಿ ಬಿಸಿ ಕೊಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಮ್ಮೆ ಬಿಗಿಯುವ ಕಡೆಗೆ ಒಮ್ಮೆ ಬಿಡಿಸುವ ಕಡೆಗೆ ತಿರುಗಿಸುತ್ತ ಮೂರನ್ನು ಹೊರತೆಗೆದೆವು. ನಾಲ್ಕನೆಯದು ಮುರಿಯಿತು. ಅದರ ನಡುವೆ ತೂತು ಕೊರೆದು ತೆಗೆದು, ಹೊಸದಾಗಿ ತಿರುಪಿನ ಗೆರೆ ಹಾಕಲು ಒಂದು ಇಡೀ ದಿನ ಹೋಯಿತು. ಅಂದಿನಿಂದ ನೀರಿಗೆ ಇಳಿಯುವ ಯಾವ ಬೋಲ್ಟನ್ನೂ ನಾವು ಗ್ರೀಸು ಸವರದೆ ಹಾಕಿಲ್ಲ.

ಪಂಪು ಬಿಚ್ಚಿದಾಗ ಇಂಪೆಲ್ಲರಿನ ಆರು ಎಸಳುಗಳಲ್ಲಿ ಒಂದು ಇರಲೇ ಇಲ್ಲ. ಉಳಿದ ಐದು ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದ್ದವು. ಹೊಸದನ್ನು ಹಾಕಿ ಮುಚ್ಚಿಬಿಡೋಣ ಎಂದು ನಾನು ಆತುರಪಟ್ಟೆ. ಮೇಸ್ತ್ರಿ ಒಪ್ಪಲಿಲ್ಲ. "ಹೋದ ಎಸಳು ಎಲ್ಲಿಗೆ ಹೋಯ್ತು? ಅದು ಸಿಗುವ ತನಕ ಮುಚ್ಚೂದು ಬೇಡ" ಎಂದರು. ಅರ್ಧ ತಾಸು ಹುಡುಕಿದ ಮೇಲೆ ಅದು ಇಂಜಿನ್ನಿಗೆ ನೀರು ಏರುವ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡಿದ್ದು ಸಿಕ್ಕಿತು. ಅದನ್ನು ಅಲ್ಲಿಯೇ ಬಿಟ್ಟಿದ್ದರೆ ಹೊಸ ಇಂಪೆಲ್ಲರ್ ಹಾಕಿಯೂ ಮೋಟಾರು ಮತ್ತೆ ಬಿಸಿಯಾಗುತ್ತಿತ್ತು. ಹೊಸ ಚಕ್ರಕ್ಕೆ ಸೋಪಿನ ನೀರು ಸವರಿ, ಶಾಫ್ಟನ್ನು ಅದು ದುಡಿಯುವ ದಿಕ್ಕಿಗೇ, ಅಂದರೆ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಪಂಪಿನ ಮನೆಯೊಳಗೆ ಇಳಿಸಿದೆವು. ಹಾಗೆ ಮಾಡಿದರೆ ಎಸಳುಗಳು ಸರಿಯಾದ ಕಡೆಗೆ ಬಾಗಿ ಕೂರುತ್ತವೆ. ಒಣಗಿದ ಪಂಪಿನಲ್ಲಿ ಇಂಜಿನ್ನನ್ನು ಕೆಲವೇ ಕ್ಷಣ ಓಡಿಸಿದರೂ ಈ ರಬ್ಬರು ಉಜ್ಜಿ ಕೆಡುತ್ತದೆ. ಮನೆಯಂಗಳದಲ್ಲಿ "ಒಮ್ಮೆ ಶುರು ಮಾಡಿ ತೋರಿಸು" ಎಂದು ಬಂದವರು ಎಷ್ಟೇ ಒತ್ತಾಯಿಸಿದರೂ ನಾನು ನೀರಿಲ್ಲದೆ ಹಗ್ಗ ಎಳೆಯುವುದಿಲ್ಲ.

ಪಂಪು ಸರಿಯಾದ ಮೇಲೂ ನೀರಿನ ಎಳೆ ತೆಳ್ಳಗೇ ಇತ್ತು. ಸಿಲಿಂಡರಿನ ಮುಚ್ಚಳ ಬಿಚ್ಚಿದರೆ, ನೀರು ಹರಿಯುವ ಕಾಲುವೆಗಳಲ್ಲಿ ಅಳಿವೆಯ ಉಪ್ಪು ಬಿಳಿಯ ಪೊರೆಯಾಗಿ ಕಟ್ಟಿಕೊಂಡಿತ್ತು. ಸಮುದ್ರದಲ್ಲಿ ದುಡಿಸಿದ ಮೋಟಾರನ್ನು ಪ್ರತಿ ದಿನವೂ ಸಿಹಿನೀರಿನಲ್ಲಿ ಓಡಿಸಿ ತೊಳೆಯಬೇಕು. ಹಿಂದಿನವರಿಗೆ ಅದು ಎಲ್ಲ ದಿನ ಸಾಧ್ಯವಾಗಿರಲಿಕ್ಕಿಲ್ಲ. ಮರದ ಚಕ್ಕೆಯಿಂದ ಕೆರೆದು, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿ, ಉಳಿದದ್ದು ಕರಗಲೆಂದು ಡ್ರಮ್ಮಿನಲ್ಲಿ ಬೆಚ್ಚಗಿನ ನೀರು ತುಂಬಿ ಓಡಿಸುವುದೆಂದು ತೀರ್ಮಾನವಾಯಿತು.

ಡ್ರಮ್ಮಿನ ವಿಷಯವನ್ನು ಮಲೆನಾಡಿನ ಓದುಗರಿಗಾಗಿ ವಿಶೇಷವಾಗಿ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣ ಕಲೆಸುವ ಇನ್ನೂರು ಲೀಟರಿನ ಡ್ರಮ್ಮು ನಮ್ಮೆಲ್ಲರ ಮನೆಯಲ್ಲೂ ಇದೆ, ನಾನು ಅದನ್ನೇ ಉರುಳಿಸಿಕೊಂಡು ಬಂದಿದ್ದೆ. ಒಳಗಿನ ನೀಲಿ ಕಲೆಯನ್ನು ಕಂಡ ತಕ್ಷಣ ಮೇಸ್ತ್ರಿ ಅದನ್ನು ಬದಿಗಿಡಿಸಿದರು. ಔಷಧಿ ಕಲೆಸುವಾಗ ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ನಮಗೆಲ್ಲ ಗೊತ್ತಿದೆ. ಅದರಲ್ಲಿರುವ ತಾಮ್ರ ಅಲ್ಯೂಮಿನಿಯಮ್ಮಿಗೂ ಶತ್ರುವೇ. ನೀರಿನಲ್ಲಿ ಕರಗಿದ ತಾಮ್ರ ಅಲ್ಯೂಮಿನಿಯಮ್ಮಿನ ಮೇಲೆ ಕೂತು, ಅಲ್ಲಲ್ಲಿ ಅದನ್ನು ಗುಳಿಗುಳಿಯಾಗಿ ತಿನ್ನುತ್ತದೆ. ಔಟ್‌ಬೋರ್ಡ್ ಮೋಟಾರಿನ ಕಾಲೂ ಸಿಲಿಂಡರಿನ ಮೈಯೂ ಅಲ್ಯೂಮಿನಿಯಮ್ಮಿನವೇ. ಬೇರೆ ಹೊಸ ಡ್ರಮ್ಮು ತಂದು, ಪ್ರೊಪೆಲ್ಲರ್ ತೆಗೆದಿಟ್ಟು, ನೀರು ಸೇದುವ ಕಿಂಡಿಗಳು ಪೂರ್ತಿ ಮುಳುಗುವಷ್ಟು ನೀರು ತುಂಬಿ, ನಿಧಾನಗತಿಯಲ್ಲಿ ಓಡಿಸಿದೆವು. ಮೂರು ಬಾರಿ ನೀರು ಬದಲಿಸಿದ ಮೇಲೆ ಎಳೆ ಬೆರಳಿನಷ್ಟು ದಪ್ಪವಾಗಿ, ಕೈ ಒಡ್ಡಿದರೆ ತಡೆಯುವಷ್ಟು ಮಾತ್ರ ಬೆಚ್ಚಗೆ ಚಿಮ್ಮಿತು.

ಗೇರು ಪೆಟ್ಟಿಗೆಯ ಎಣ್ಣೆಯನ್ನು ಇಳಿಸಿದಾಗ ಅದು ಹಾಲು ಹಾಕಿದ ಕಾಫಿಯ ಬಣ್ಣದಲ್ಲಿತ್ತು. ಒಳಗೆ ನೀರು ಸೇರಿದೆ ಎಂದು ಅದರರ್ಥ. ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಬಲೆಯ ನೈಲಾನು ದಾರ ಬಿಗಿಯಾಗಿ ಸುತ್ತಿಕೊಂಡು ಸೀಲನ್ನು ಕೊಯ್ದುಹಾಕಿತ್ತು. ಸೀಲು ಬದಲಿಸಿದೆವು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಮೇಲಕ್ಕೆ ಒತ್ತಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಹೊರಬರುವ ತನಕ ಒತ್ತಬೇಕು, ಆಮೇಲೆ ಮೊದಲು ಮೇಲಿನ ಸ್ಕ್ರೂ, ನಂತರ ಕೆಳಗಿನದು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿದು, ಪೆಟ್ಟಿಗೆ ತುಂಬಿದಂತೆ ಕಂಡರೂ ತುಂಬಿರುವುದಿಲ್ಲ. ಹಿನ್ನೀರಿನಲ್ಲೂ ಹರಿದ ಬಲೆಗಳು ತೇಲುತ್ತಿರುತ್ತವೆ. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ತೆಗೆದು ದಾರ ಸುತ್ತಿದೆಯೇ ಎಂದು ನೋಡುವುದನ್ನು ನಾನು ಬಿಟ್ಟಿಲ್ಲ.

ಕಾಲಿಗೆ ತಿರುಪಿಟ್ಟಿದ್ದ ಸತುವಿನ ತುಂಡನ್ನೂ ಬದಲಿಸಿದೆವು. ಮೋಟಾರಿನ ಲೋಹದ ಬದಲು ತಾನೇ ಸವೆದು ಅದನ್ನು ಕಾಯುವುದು ಆ ತುಂಡಿನ ಕೆಲಸ. ಉಪ್ಪುನೀರಿನಲ್ಲಿ ಸತುವು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಸಿಹಿನೀರಿನಲ್ಲಿ ಅದರ ಮೇಲೆ ಗಟ್ಟಿ ಪೊರೆ ಕಟ್ಟಿ ಸುಮ್ಮನಾಗುತ್ತದೆ. ಸಿಹಿನೀರಿಗೆ ಮೆಗ್ನೀಸಿಯಂ ತುಂಡು ಬೇಕು. ನಮಗೆ ಅದು ಅಂಚೆಯಲ್ಲಿ ಬಂತು.

ಇಷ್ಟಾದರೂ ಮೋಟಾರು ಕಪ್ಪು ಹೊಗೆ ಬಿಡುತ್ತಿತ್ತು, ಸ್ಪಾರ್ಕ್ ಪ್ಲಗ್ಗು ಎರಡು ದಿನಕ್ಕೇ ಮಸಿ ಹಿಡಿಯುತ್ತಿತ್ತು. ಇಲ್ಲಿ ಎರಡು ಕಾರಣಗಳು ಕೂಡಿಕೊಂಡಿದ್ದವು, ಅದರಲ್ಲಿ ಒಂದು ನನ್ನದೇ ತಪ್ಪು. ಮನೆಯಲ್ಲಿ ಕಳೆ ಯಂತ್ರಕ್ಕೆಂದು ತಂದಿದ್ದ ಟೂ ಸ್ಟ್ರೋಕ್ ಆಯಿಲ್ಲನ್ನೇ ಪೆಟ್ರೋಲಿಗೆ ಬೆರೆಸುತ್ತಿದ್ದೆ, ಅದನ್ನೂ ಅಂದಾಜಿನ ಮೇಲೆ. ಕಳೆ ಯಂತ್ರ ಗಾಳಿಯಿಂದ ತಣಿಯುವ ಇಂಜಿನ್ನು, ಬಹಳ ಬಿಸಿಯಾಗಿ ಓಡುತ್ತದೆ, ಅದರ ಎಣ್ಣೆಯೂ ಆ ಬಿಸಿಗೆ ತಕ್ಕದ್ದು. ನೀರಿನಿಂದ ತಣಿಯುವ ದೋಣಿ ಮೋಟಾರಿಗೆ ಬೂದಿ ಬಿಡದ ಬೇರೆ ಬಗೆಯ ಎಣ್ಣೆ ಬೇಕು. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುತ್ತದೆ. ನಮ್ಮ ಕೈಪಿಡಿಯ ಪ್ರಕಾರ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಅಂದರೆ ಲೀಟರಿಗೆ 20 ಮಿಲಿಲೀಟರು. ಈಗ ಔಷಧಿ ಅಂಗಡಿಯ ಅಳತೆ ಲೋಟವೊಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ.

ಎರಡನೆಯ ಕಾರಣ ನಮ್ಮೂರಿನ ಎತ್ತರ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ ಎತ್ತರದಲ್ಲಿರುತ್ತದೆ. ಅಷ್ಟು ಮೇಲೆ ಗಾಳಿ ಸ್ವಲ್ಪ ತೆಳು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರನ್ನು ಹೊನ್ನಾವರದ ಗಾಳಿಗೆ ಹೊಂದಿಸಿದ್ದರು; ಅದು ಅಲ್ಲಿಯಷ್ಟೇ ಪೆಟ್ರೋಲನ್ನು ಇಲ್ಲಿಯೂ ಕೊಡುತ್ತದೆ, ಅದಕ್ಕೆ ಬೇಕಾದಷ್ಟು ಗಾಳಿ ಮಾತ್ರ ಸಿಗುವುದಿಲ್ಲ. ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರರಂತೆ ಇಂಜಿನ್ನಿನ ಶಕ್ತಿ ಇಳಿಯುತ್ತದೆ ಎಂಬ ಲೆಕ್ಕದಂತೆ, ನಮ್ಮ ಐದು ಎಚ್‌ಪಿಯಲ್ಲಿ ಕಾಲು ಎಚ್‌ಪಿಗೂ ಹೆಚ್ಚು ಘಾಟಿ ಹತ್ತುವಾಗಲೇ ಕಳೆದುಹೋಗಿತ್ತು. ಪೆಟ್ರೋಲನ್ನು ಅಳೆದು ಬಿಡುವ ತೂತಿನ ತುಂಡಾದ ದೊಡ್ಡ ಜೆಟ್ಟನ್ನು ಬದಲಿಸುವಷ್ಟು ಎತ್ತರ ಇದಲ್ಲ ಎಂದು ಮೇಸ್ತ್ರಿ ಅಭಿಪ್ರಾಯಪಟ್ಟರು. ಕಾರ್ಬೊರೇಟರನ್ನು ಪೂರ್ತಿ ಬಿಚ್ಚಿ, ಬಟ್ಟಲಿನ ತಳದ ಹಳೆಯ ಪೆಟ್ರೋಲಿನ ಅಂಟನ್ನು ತೊಳೆದು, ಸಣ್ಣ ತೂತುಗಳಿಗೆ ಗಾಳಿ ಊದಿ, ನಿಧಾನಗತಿಯ ಮಿಶ್ರಣದ ಸ್ಕ್ರೂವನ್ನು ನೀರಿನ ಮೇಲೆಯೇ ಹೊಂದಿಸುವುದೆಂದಾಯಿತು.

ಆ ಹೊಂದಿಕೆಗೆಂದು ಮೇಸ್ತ್ರಿ ಒಂದು ಭಾನುವಾರ ನಮ್ಮೂರಿಗೇ ಬಂದರು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ದೋಣಿಯನ್ನು ದಡದ ಹೊನ್ನೆ ಮರಕ್ಕೆ ಹಿಂದಿನಿಂದ ಗಟ್ಟಿ ಹಗ್ಗದಲ್ಲಿ ಕಟ್ಟಿ, ಮೋಟಾರನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಂಡು, ಮುಂದಿನ ಗೇರಿಗೆ ಹಾಕಿ ನಿಧಾನಗತಿಗೆ ಇಳಿಸಿದೆವು. ಡ್ರಮ್ಮಿನಲ್ಲಿ, ಪ್ರೊಪೆಲ್ಲರಿಲ್ಲದೆ ಹೊಂದಿಸಿದ ಮಿಶ್ರಣ ದೋಣಿಯ ಭಾರ ಬಿದ್ದೊಡನೆ ತಪ್ಪುತ್ತದೆ. ಸ್ಕ್ರೂವನ್ನು ಮೊದಲು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಬಿಚ್ಚಿಟ್ಟಿದ್ದೆವು. ಈಗ ಅದನ್ನು ಎಂಟನೇ ಒಂದು ಸುತ್ತಿನಷ್ಟು ಒಳಕ್ಕೆ ತಿರುಗಿಸುವುದು, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಆಲಿಸುವುದು, ಮತ್ತೆ ತಿರುಗಿಸುವುದು. ಮೊದಲು ಇಂಜಿನ್ನು ಎಮ್ಮೆ ಮೆಲುಕು ಹಾಕಿದಂತೆ ತಡವರಿಸುತ್ತ ಓಡುತ್ತಿತ್ತು. ಒಂದೊಂದು ಹಂತಕ್ಕೂ ದನಿ ಸಮವಾಗುತ್ತ ಬಂತು. ಇನ್ನೂ ಮುಂದೆ ಹೋದಾಗ ಒಮ್ಮೆ ಸೀನಿದಂತೆ ಸದ್ದು ಮಾಡಿ ನಿಲ್ಲುವ ಹಾಗಾಯಿತು. "ಸೀನಿತಲ್ಲ, ಅದಕ್ಕೆ ಪೆಟ್ರೋಲು ಸಾಲ್ತಾ ಇಲ್ಲ. ಈಗ ಕಾಲು ಸುತ್ತು ಹಿಂದೆ ಬನ್ನಿ" ಎಂದರು ಮೇಸ್ತ್ರಿ. ಪೆಟ್ರೋಲು ತುಸು ಹೆಚ್ಚಿರುವ ಕಡೆಗೇ ನಿಲ್ಲಿಸಬೇಕು. ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ ಆದ್ದರಿಂದ, ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ನು ಕಚ್ಚಿಕೊಳ್ಳುವ ಅಪಾಯವಿದೆ. ನಮ್ಮ ಮೋಟಾರಿನಲ್ಲಿ ಸ್ಕ್ರೂ ಒಳಕ್ಕೆ ಹೋದರೆ ಪೆಟ್ರೋಲು ಕಡಿಮೆಯಾಗುತ್ತದೆ. ಕೆಲವು ಮೋಟಾರುಗಳಲ್ಲಿ ಆ ಸ್ಕ್ರೂ ಪೆಟ್ರೋಲಿನ ಬದಲು ಗಾಳಿಯನ್ನು ಹಿಡಿಯುವುದರಿಂದ ಲೆಕ್ಕ ತಿರುವುಮುರುವಾಗುತ್ತದೆ, ಆದ್ದರಿಂದ ಕೈಪಿಡಿ ನೋಡದೆ ಕೈಹಾಕಬಾರದು.

ದೋಣಿಯ ಮೂತಿ ಏಳುವುದು ಮತ್ತು ಪ್ರೊಪೆಲ್ಲರು ಗಾಳಿ ಹಿಡಿಯುವುದು ಮೋಟಾರಿನ ದೋಷವೇ ಆಗಿರಲಿಲ್ಲ, ನಾವು ಅದನ್ನು ಕೂರಿಸಿದ ರೀತಿಯ ದೋಷವಾಗಿತ್ತು. ಪ್ರೊಪೆಲ್ಲರಿನ ಮೇಲ್ಗಡೆ ಕಾಲಿಗೆ ಅಡ್ಡಲಾಗಿ ಒಂದು ಚಪ್ಪಟೆ ತಟ್ಟೆ ಇದೆ, ಅದು ದೋಣಿಯ ತಳದ ಸಮಕ್ಕೆ ಅಥವಾ ಒಂದಿಂಚು ಕೆಳಗೆ ಇರಬೇಕು. ನಮ್ಮದು ಗಿಡ್ಡ ಕಾಲಿನ ಮೋಟಾರು, ಹದಿನೈದು ಇಂಚಿನ ಹಿಂಬದಿ ಹಲಗೆಗೆ ತಕ್ಕದ್ದು. ನಮ್ಮ ದೋಣಿಯ ಹಲಗೆ ಹದಿನೇಳು ಇಂಚು. ತಟ್ಟೆ ತಳಕ್ಕಿಂತ ಎರಡಿಂಚು ಮೇಲೆ ನಿಂತು, ಪ್ರೊಪೆಲ್ಲರು ಮೇಲ್ಮೈಯ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ಊರಿನ ಆಚಾರ್ಯರನ್ನು ಕರೆಸಿ, ಮೋಟಾರು ಕಚ್ಚುವ ಜಾಗದಲ್ಲಿ ಮಾತ್ರ ಒಂದಡಿ ಅಗಲಕ್ಕೆ ಹಲಗೆಯನ್ನು ಎರಡಿಂಚು ತಗ್ಗಿಸಿ, ಕೊಯ್ದ ಅಂಚಿಗೆ ಎಪಾಕ್ಸಿ ಬಳಿಸಿದೆವು. ಹಿಂದಿನ ಗೋಡೆ ತಗ್ಗಿದಷ್ಟೂ ಅಲೆ ಒಳಗೆ ನುಗ್ಗುವ ಸಂಭವ ಹೆಚ್ಚು. ಆಷಾಢದ ಗಾಳಿಗೆ ಹಿನ್ನೀರಿನಲ್ಲಿ ಏಳುವ ಅಲೆಯನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಅದಕ್ಕಾಗಿ ಆ ತಗ್ಗಿನ ಮುಂದೆ ದೋಣಿಯೊಳಗೆ ಒಂದು ಅಡ್ಡ ಹಲಗೆಯನ್ನು ಎತ್ತರಕ್ಕೆ ನಿಲ್ಲಿಸಿ, ಬಂದ ನೀರು ಹಿಂದಕ್ಕೇ ಹರಿದುಹೋಗುವಂತೆ ಮಾಡಿದ್ದೇವೆ; ಮೂರು ಮೂಟೆಗಿಂತ ಹೆಚ್ಚು ಹೇರುವುದನ್ನೂ ನಿಲ್ಲಿಸಿದ್ದೇವೆ.

ಮೋಟಾರಿನ ಓರೆಯನ್ನು ಬದಲಿಸಲು ಬ್ರಾಕೆಟ್ಟಿನಲ್ಲಿ ನಾಲ್ಕು ತೂತುಗಳಿವೆ, ಅಡ್ಡ ಸಲಾಕೆಯನ್ನು ಯಾವುದರಲ್ಲಿ ತೂರಿಸುತ್ತೇವೋ ಅದರಂತೆ ಕಾಲು ದೋಣಿಯ ಹತ್ತಿರಕ್ಕೆ ಅಥವಾ ದೂರಕ್ಕೆ ನಿಲ್ಲುತ್ತದೆ. ಹತ್ತಿರ ಬಂದಷ್ಟೂ ಮೂತಿ ತಗ್ಗುತ್ತದೆ. ನಾವು ಕೊಂಡಾಗ ಸಲಾಕೆ ಕೊನೆಯ ತೂತಿನಲ್ಲಿತ್ತು, ಅದನ್ನು ಎರಡನೆಯದಕ್ಕೆ ತಂದೆವು. ಒಬ್ಬನೇ ಹೋಗುವಾಗ ಪೆಟ್ರೋಲು ಟ್ಯಾಂಕನ್ನು ಮುಂದಿನ ಅಟ್ಟಣೆಯ ಕೆಳಗಿಡುತ್ತೇನೆ. ಅಷ್ಟರಿಂದಲೇ ದೋಣಿ ನೀರಿನ ಮೇಲೆ ಸಮವಾಗಿ ಕೂತಿತು.

ಕೊನೆಯ ಹೊಂದಿಕೆ ಪ್ರೊಪೆಲ್ಲರಿನದು. ಪ್ಲಗ್ಗಿನ ತಂತಿಗೆ ಸುತ್ತಿ ಇಂಜಿನ್ನಿನ ಸುತ್ತುಗಳನ್ನು ತೋರಿಸುವ ಪುಟ್ಟ ಮೀಟರೊಂದು ಸಿಗುತ್ತದೆ. ನಮ್ಮ ಮೋಟಾರು ಪೂರ್ಣ ವೇಗದಲ್ಲಿ ನಿಮಿಷಕ್ಕೆ 4500ರಿಂದ 5500 ಸುತ್ತು ತಿರುಗಬೇಕೆಂದು ಕೈಪಿಡಿಯಲ್ಲಿದೆ. ಇಬ್ಬರು ಮತ್ತು ಎರಡು ಮೂಟೆ ಅಡಿಕೆಯೊಂದಿಗೆ ನಮ್ಮದು 4400 ದಾಟಲಿಲ್ಲ. ತಗ್ಗಿನ ಗೇರಿನಲ್ಲಿ ಏರಬೇಕಾದ ದರೆಯನ್ನು ಮೇಲಿನ ಗೇರಿನಲ್ಲಿ ಏರಲು ಹೊರಟ ಜೀಪಿನ ಸ್ಥಿತಿ ಅದರದು. ಪ್ರೊಪೆಲ್ಲರು ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗಬೇಕೆಂಬ ಲೆಕ್ಕಕ್ಕೆ ಪಿಚ್ ಎನ್ನುತ್ತಾರೆ. ಪಿಚ್ಚನ್ನು ಒಂದಿಂಚು ಇಳಿಸಿದರೆ ಸುಮಾರು ಇನ್ನೂರು ಸುತ್ತು ಹೆಚ್ಚುತ್ತದೆ. ಎಂಟು ಇಂಚಿನದನ್ನು ತೆಗೆದು ಏಳು ಇಂಚಿನದನ್ನು ಹಾಕಿದ ಮೇಲೆ ಮೀಟರು 4650 ತೋರಿಸಿತು. ಗಾಳಿ ತೆಳುವಾಗಿ ಶಕ್ತಿ ಇಳಿದ ಇಂಜಿನ್ನಿಗೆ ಹಗುರವಾದ ಪ್ರೊಪೆಲ್ಲರೇ ಸರಿಯಾದ ಉತ್ತರವಾಗಿತ್ತು. ಎರಡು ಕಿಲೋಮೀಟರಿನ ದಾರಿಗೆ ಈಗ ಹದಿನೈದು ನಿಮಿಷ ಸಾಕು.

ಬೇಸಿಗೆಯಲ್ಲಿ ನೀರು ಇಳಿದಂತೆ ಮುಳುಗಿದ್ದ ಬೊಡ್ಡೆಗಳು ಮೇಲ್ಮೈಗೆ ಸಮೀಪಿಸುತ್ತವೆ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಎದ್ದು ಕಾಣುವಷ್ಟು ನೀರು ತಗ್ಗುವ ವರ್ಷಗಳಲ್ಲಂತೂ ನಿನ್ನೆ ಹೋದ ದಾರಿ ಇಂದು ದಾರಿಯಲ್ಲ. ಮಾರ್ಚ್ ಕೊನೆಯ ಒಂದು ಸಂಜೆ ಪ್ರೊಪೆಲ್ಲರು ಬೊಡ್ಡೆಗೆ ತಾಗಿ, ಇಂಜಿನ್ನು ಓಡುತ್ತಲೇ ಇದ್ದರೂ ದೋಣಿ ನಿಂತಿತು. ಶಾಫ್ಟಿಗೂ ಪ್ರೊಪೆಲ್ಲರಿಗೂ ನಡುವಿನ ಶಿಯರ್ ಪಿನ್ನು ತುಂಡಾಗಿತ್ತು. ಗೇರು ಮುರಿಯುವ ಬದಲು ತಾನು ಮುರಿಯಲೆಂದೇ ಅದನ್ನು ಮೆದು ಲೋಹದಲ್ಲಿ ಮಾಡಿರುತ್ತಾರೆ. ಕೈಯಲ್ಲಿ ಬದಲಿ ಪಿನ್ನು ಇಲ್ಲದೆ, ಟೂಲ್ ಚೀಲದ ಒಂದು ಉಕ್ಕಿನ ಮೊಳೆಯನ್ನು ಕತ್ತರಿಸಿ ಹಾಕಿ ಮನೆ ಸೇರಿದೆ. ಮರುವಾರ ಅದನ್ನು ಕೇಳಿ ಮೇಸ್ತ್ರಿ ನಿಜಕ್ಕೂ ನೊಂದುಕೊಂಡರು. ಉಕ್ಕು ಮುರಿಯುವುದಿಲ್ಲ, ಇನ್ನೊಂದು ಬೊಡ್ಡೆಗೆ ತಾಗಿದ್ದರೆ ಗೇರೇ ಹಲ್ಲು ಕಳೆದುಕೊಳ್ಳುತ್ತಿತ್ತು. ಅಂದಿನಿಂದ ನಾಲ್ಕು ಸರಿಯಾದ ಪಿನ್ನುಗಳು, ಸೀಳುಪಿನ್ನುಗಳು, ಇಕ್ಕಳ, ಒಂದು ಹೊಸ ಪ್ಲಗ್ಗು ಎಣ್ಣೆಬಟ್ಟೆಯಲ್ಲಿ ಸುತ್ತಿ ದೋಣಿಯಲ್ಲೇ ಇರುತ್ತವೆ. ಹಿಂದಿನ ಗೇರಿನಲ್ಲಿ ಕಾಲು ಮೇಲೇಳದಂತೆ ಹಿಡಿಯುವ ಕೊಂಡಿಯನ್ನು ಮುಂದಕ್ಕೆ ಹೋಗುವಾಗ ಬಿಟ್ಟಿರಬೇಕೆಂಬುದನ್ನೂ ಆಗಲೇ ಕಲಿತೆ. ಬಿಟ್ಟಿದ್ದರೆ ಬೊಡ್ಡೆ ತಾಗಿದಾಗ ಕಾಲು ತಾನಾಗಿ ಮೇಲಕ್ಕೆ ಚಿಮ್ಮಿ ಪೆಟ್ಟನ್ನು ಹಗುರ ಮಾಡುತ್ತದೆ. ಇಂಜಿನ್ನು ನಿಲ್ಲಿಸುವ ಕೆಂಪು ದಾರವನ್ನು ಮೊಣಕೈಗೆ ಕಟ್ಟಿಕೊಳ್ಳದೆ ಹಗ್ಗ ಎಳೆಯುವುದಿಲ್ಲ. ಅಂಥ ಪೆಟ್ಟಿಗೆ ಮನುಷ್ಯ ನೀರಿಗೆ ಬಿದ್ದರೆ, ಚಾಲಕನಿಲ್ಲದ ದೋಣಿ ಸುತ್ತು ಹೊಡೆದು ಅವನ ಮೇಲೆಯೇ ಬರಬಹುದು.

ಮಳೆಗಾಲ ಜೋರಾದಾಗ ಒಂದು ತಿಂಗಳು ನಾವು ಮೋಟಾರನ್ನು ಇಳಿಸಿಬಿಡುತ್ತೇವೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕಡೆಯ ಆಷಾಢ–ಶ್ರಾವಣದ ಹವೆಯಲ್ಲಿ ಆ ತೇವಕ್ಕೆ ಏನೂ ಕೊರತೆಯಿಲ್ಲ. ಹೆಚ್ಚು ನೀರು ಸೇರಿದರೆ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಕಾರ್ಬೊರೇಟರು ಮೊದಲು ಸೇದುವುದೂ ಅದನ್ನೇ. ಆದ್ದರಿಂದ ಪೆಟ್ರೋಲು ಕೊಳವೆಯನ್ನು ಕಳಚಿ, ನೀರಿನಲ್ಲೇ ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಉಳಿದ ಹನಿಗಳನ್ನೂ ಇಳಿಸುತ್ತೇನೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಬಾರಿ ಮೆಲ್ಲಗೆ ಎಳೆದು ಸಿಲಿಂಡರಿಗೆ ಸವರಿಸುತ್ತೇನೆ. ಗೇರಿನ ಎಣ್ಣೆಯನ್ನು ಇಡುವ ಮುಂಚೆಯೇ ಬದಲಿಸುತ್ತೇನೆ. ಒಳಗೆ ನೀರಿದ್ದರೆ ಅದು ತಿಂಗಳಿಡೀ ಗೇರಿನ ಮೇಲೆ ಕೂರುವುದು ಬೇಡ. ಆಮೇಲೆ ಅಡಿಕೆ ಒಣಗಿಸುವ ಕೊಟ್ಟಿಗೆಯ ಮರದ ಸ್ಟ್ಯಾಂಡಿಗೆ ನೆಟ್ಟಗೆ ಕಚ್ಚಿಸಿ, ಹತ್ತಿಯ ಹಳೆಯ ಸೀರೆ ಹೊದಿಸುತ್ತೇನೆ. ಮೊದಲ ವರ್ಷ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆ, ಒಳಗೆ ಬೆವರು ಹನಿಗಟ್ಟಿ ತಂತಿಗಳ ಜೋಡಣೆಗೆಲ್ಲ ಹಸಿರು ಕಿಲುಬು ಹಿಡಿದಿತ್ತು.

ಕಳೆದ ವರ್ಷ ಮಳೆ ಕಳೆದು ಮತ್ತೆ ದೋಣಿಗೆ ಹಾಕಿದಾಗ, ಎರಡನೆಯ ಎಳೆತಕ್ಕೇ ಮೋಟಾರು ಶುರುವಾಯಿತು. ನೀರಿನ ಎಳೆ ಮಾತ್ರ ಬರಲಿಲ್ಲ. ತಕ್ಷಣ ನಿಲ್ಲಿಸಿ, ಇಂಪೆಲ್ಲರಿಗಾಗಿ ಕಾಲು ಬಿಚ್ಚಲು ಸ್ಪ್ಯಾನರ್ ಕೈಗೆತ್ತಿಕೊಂಡೆ. ಚಿಕ್ಕಪ್ಪ ಬಗ್ಗಿ ಆ ಪುಟ್ಟ ತೂತನ್ನು ನೋಡಿ, ಹಿಡಿಕಡ್ಡಿಯೊಂದನ್ನು ಮುರಿದು ಒಳಗೆ ಆಡಿಸಿದರು. ಒಣಗಿದ ಮಣ್ಣು ಪುಡಿಯಾಗಿ ಉದುರಿತು. ಕೊಟ್ಟಿಗೆಯಲ್ಲಿದ್ದ ತಿಂಗಳಲ್ಲಿ ಕಣಜವೊಂದು ಅಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ಮತ್ತೆ ಹಗ್ಗ ಎಳೆದಾಗ ನೀರಿನ ಎಳೆ ಬಿಲ್ಲಿನಂತೆ ಬಾಗಿ ಹೊಳೆಗೆ ಬಿತ್ತು. ಈಗ ಸೀರೆ ಹೊದಿಸುವ ಮೊದಲು ಆ ತೂತಿಗೆ ಒಂದು ಬಟ್ಟೆಯ ಬತ್ತಿಯನ್ನು ತುರುಕಿ, ಅದರ ತುದಿಗೆ ಕೆಂಪು ದಾರ ಕಟ್ಟುತ್ತೇನೆ, ಇಳಿಸುವಾಗ ತೆಗೆಯಲು ಮರೆಯದಿರಲೆಂದು.